ಗೋವಾಕ್ಕೆ ಹೋಗಲು ಮುಂಬೈ ದಾರಿ

ಕಾರವಾರದಲ್ಲಿ ಮನೆ ಇಟ್ಟುಕೊಂಡು, ಗೋವಾಕ್ಕೆ ಹೋಗುವ ಹಡಗು ಹತ್ತಲು ಮುಂಬೈಗೆ ಹೊರಟಿದ್ದೇವೆ ಅಂದರೆ ನಗದವರಿಲ್ಲ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾದ ಗಡಿ ಬಂದೇಬಿಡುತ್ತದೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಾದ ಊರು ಅದು. ನಾವು ಮಾಡುತ್ತಿರುವ ಯೋಜನೆಯಲ್ಲಿ 600 ಚಿಲ್ಲರೆ ಕಿಲೋಮೀಟರ್ ಉತ್ತರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸಮುದ್ರದ ಮೇಲೆ ತಿರುಗಿ ದಕ್ಷಿಣಕ್ಕೆ ಬಂದು, ಮುರ್ಮುಗೋವಾದಲ್ಲಿ ಒಂದಿಷ್ಟು ಹೊತ್ತು ಇಳಿದು, ಮತ್ತೆ ಅದೇ ಹಡಗಿನಲ್ಲಿ ಮುಂಬೈಗೆ ಹೋಗಿ, ಮತ್ತೆ ರೈಲು ಹಿಡಿದು ಕಾರವಾರಕ್ಕೆ ಮರಳಬೇಕು. ಪಕ್ಕದ ಮನೆಯವರು ಇದನ್ನು ಕೇಳಿ, “ಹಡಗು ಗೋವಾಕ್ಕೆ ಬಂದಾಗ ಫೋನ್ ಮಾಡಿ ಮಾರಾಯ್ರೆ, ಸ್ಕೂಟರ್ ತಗೊಂಡು ಬರ್ತೇನೆ” ಅಂದರು.

ಈ ನಗೆಯ ಹಿಂದೆ ಕಾರವಾರದ ಹಳೆಯ ಹೊಟ್ಟೆಯುರಿಯೊಂದಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಂದಲೇ ಹಡಗು ಹತ್ತುತ್ತದೆ, ಕಾರವಾರ ಇನ್ನೊಂದು ಮುಂಬೈ ಆಗುತ್ತದೆ ಎಂದು ಎಣಿಸಿದ್ದರು. ಹುಬ್ಬಳ್ಳಿಯ ರೈಲು ಇಲ್ಲಿಗೆ ಬರಲಿಲ್ಲ, ಘಟ್ಟ ಇಳಿದ ಹಳಿ ಮುರ್ಮುಗೋವಾಕ್ಕೆ ಹೋಯಿತು. ಇವತ್ತು ಪ್ರವಾಸಿ ಹಡಗು ನಿಲ್ಲುವುದೂ ಅಲ್ಲಿಯೇ. ನಮ್ಮ ಪಾಲಿಗೆ ಬಂದ ದೊಡ್ಡ ಹಡಗುಗಳೆಂದರೆ ನೌಕಾನೆಲೆಯವು. ಅವನ್ನು ದೂರದಿಂದ ನೋಡಬಹುದು, ಫೋಟೋ ತೆಗೆಯುವಂತಿಲ್ಲ, ಹತ್ತುವ ಮಾತು ಹೇಗೂ ಇಲ್ಲ. 284 ಮೀಟರ್ ಉದ್ದದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ನೆಲೆ ಮಾಡಿದ ಊರಿನ ಮಕ್ಕಳು ಹತ್ತಿ ನೋಡಿದ ಹಡಗು ಯಾವುದೆಂದರೆ ಟ್ಯಾಗೋರ್ ಬೀಚಿನಲ್ಲಿ ಮರಳ ಮೇಲೆ ಕೂರಿಸಿಟ್ಟಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್. ಅದು 40 ಮೀಟರ್ ಕೂಡ ಇಲ್ಲ.

ಕ್ರೂಸ್ ಎಂಬ ಹಡಗಿನ ವಿಹಾರ ಮತ್ತು ಥೀಮ್ ಪಾರ್ಕ್ ಎರಡನ್ನೂ ಒಂದೇ ಪ್ರವಾಸಕ್ಕೆ ಕಟ್ಟುವ ಆಲೋಚನೆ ಮಗಳದ್ದು. ಅವಳಿಗೆ ಹದಿಮೂರು. ಅವಳು ತೋರಿಸಿದ ವಿಡಿಯೋಗಳೆಲ್ಲ ಅಮೆರಿಕದ ಫ್ಲಾರಿಡಾದವು. ನೋಡುತ್ತಾ ಹೋದಂತೆ ಈ ಜೋಡಿ ಹುಟ್ಟಿದ್ದು ಯಾಕೆ ಅಲ್ಲಿಯೇ ಎನ್ನುವುದು ನನಗೆ ಕುತೂಹಲವಾಯಿತು. ಉತ್ತರ ನಕಾಶೆಯಲ್ಲಿಯೇ ಇದೆ. ಒರ್ಲಾಂಡೋದಲ್ಲಿ ಡಿಸ್ನಿಯ ಪಾರ್ಕ್ ತೆರೆದದ್ದು 1971ರಲ್ಲಿ. ಅಲ್ಲಿಂದ ಕಾರಿನಲ್ಲಿ ಗಂಟೆ ದೂರದಲ್ಲಿ ಪೋರ್ಟ್ ಕೆನಾವರಲ್ ಎಂಬ ಬಂದರು. ಪಾರ್ಕಿಗೆ ಬಂದ ಕುಟುಂಬವನ್ನು ಮೂರು ನಾಲ್ಕು ದಿನ ಹಡಗಿಗೂ ಹತ್ತಿಸಬಹುದು ಎಂದು ಬೇರೆ ಕಂಪನಿಯೊಂದು ಎಂಬತ್ತರ ದಶಕದಲ್ಲಿಯೇ ಡಿಸ್ನಿಯ ಜೊತೆ ಸೇರಿ ಮಾಡಿ ತೋರಿಸಿತು. ಆಮೇಲೆ 1998ರಲ್ಲಿ ಡಿಸ್ನಿಯವರು ತಮ್ಮದೇ ಹಡಗು ತಂದರು. ಅಂದರೆ ಇದರ ಗುಟ್ಟು ಹಡಗಿನಲ್ಲೂ ಇಲ್ಲ, ಪಾರ್ಕಿನಲ್ಲೂ ಇಲ್ಲ, ಎರಡರ ನಡುವಿನ ರಸ್ತೆಯಲ್ಲಿದೆ. ರಸ್ತೆ ಚಿಕ್ಕದಿದ್ದರೆ ಒಂದು ಪ್ರವಾಸ. ಇಲ್ಲದಿದ್ದರೆ ಎರಡು ಪ್ರವಾಸ, ಎರಡರ ಸುಸ್ತು.

ಹೀಗೆ ಯೋಚಿಸಿದ ಮೇಲೆ ನಮ್ಮ ಕೈಗೆಟಕುವ ಜೋಡಿಗಳು ಎರಡೇ ಉಳಿದವು. ಒಂದು ಸಿಂಗಾಪುರ. ಸೆಂಟೋಸಾ ದ್ವೀಪದಲ್ಲಿ ಯೂನಿವರ್ಸಲ್ ಸ್ಟುಡಿಯೋಸ್, ಅದರ ಹತ್ತಿರದಲ್ಲಿಯೇ ಹಡಗುಕಟ್ಟೆ. ಡಿಸ್ನಿ ಅಡ್ವೆಂಚರ್ ಎಂಬ ಭಾರೀ ಹಡಗಿಗೂ ಸಿಂಗಾಪುರವೇ ನೆಲೆ. ಅದರ ಮೇಲ್ಗಡೆ ರೋಲರ್ ಕೋಸ್ಟರ್ ಕೂಡ ಇದೆ. ಮಗಳ ಮನಸ್ಸು ಅಲ್ಲೇ. ಆದರೆ ಅತ್ತೆ-ಮಾವ, ನಾವಿಬ್ಬರು, ಮಗಳು, ಮಗ ಹೀಗೆ ಆರು ಜನರಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಸಿಂಗಾಪುರದ ವೀಸಾ ತೆಗೆಯುವಾಗಲೂ ಒಮ್ಮೆ ಮಾತ್ರ ಒಳಬಿಡುವ ವೀಸಾ ಸಾಲದು. ಹಡಗು ದೇಶ ಬಿಟ್ಟು ಹೊರಟು ಮತ್ತೆ ಅಲ್ಲಿಗೇ ಬರುವುದರಿಂದ ಎರಡನೇ ಸಲ ಒಳಹೋಗಲು ಅವಕಾಶವಿರಬೇಕು. ಹಡಗು ನಿಲ್ಲುವ ದೇಶಗಳ ನಿಯಮಗಳು ಬೇರೆ. ಮಾವನವರು ಪಾಸ್‌ಪೋರ್ಟಿನ ಮಾತು ಕೇಳಿದೊಡನೆ ತೋಟದ ಕಡೆ ಎದ್ದು ಹೋದರು. ಅಲ್ಲಿಗೆ ಸಿಂಗಾಪುರ ಮುಗಿಯಿತು.

ಇನ್ನೊಂದು ಜೋಡಿ ಮುಂಬೈ. ಖೋಪೋಲಿಯ ಹತ್ತಿರ, ಮುಂಬೈ-ಪುಣೆ ಎಕ್ಸ್‌ಪ್ರೆಸ್ ರಸ್ತೆಯ ಬದಿಗೆ ಇಮ್ಯಾಜಿಕಾ. 2013ರಲ್ಲಿ ಶುರುವಾದ ಪಾರ್ಕ್ ಅದು. ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್ ಕಡೆಯಿಂದ ಕಾರ್ಡೆಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು. ಎರಡರ ನಡುವೆ ಸುಮಾರು ಎರಡು ಗಂಟೆಯ ದಾರಿ, ಅದೂ ಈಗ ಸಮುದ್ರದ ಮೇಲೆ ಹಾಯುವ 21.8 ಕಿಲೋಮೀಟರಿನ ಅಟಲ್ ಸೇತುವಿನ ಮೇಲಿಂದ. ಎಂಪ್ರೆಸ್ ಹೊಸ ಹಡಗಲ್ಲ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಯಾನ ಶುರು ಮಾಡಿ, ಅಮೆರಿಕದ ಕಡೆ ವರ್ಷಾನುಗಟ್ಟಲೆ ದುಡಿದು, 2021ರಲ್ಲಿ ಇಲ್ಲಿಗೆ ಬಂದದ್ದು. 211 ಮೀಟರ್ ಉದ್ದ, ಹನ್ನೊಂದು ಅಂತಸ್ತು, ಸುಮಾರು 1,800 ಪ್ರಯಾಣಿಕರು. ನನ್ನ ಗಂಡ ಅದರ ವಯಸ್ಸು ಕೇಳಿ ಮುಖ ಸಿಂಡರಿಸಿದರು. ನನಗೇನೋ ಅದು ಕೊರತೆ ಅನ್ನಿಸಲಿಲ್ಲ. ಮೊದಲ ಸಲ ಹತ್ತುವವರಿಗೆ ಊರಷ್ಟು ದೊಡ್ಡ ಹಡಗಿಗಿಂತ, ಕಳೆದುಹೋದ ಮಗ ಅರ್ಧ ಗಂಟೆಯೊಳಗೆ ಸಿಗುವಷ್ಟು ದೊಡ್ಡ ಹಡಗು ವಾಸಿ.

ಊರು ನಿಕ್ಕಿಯಾಯಿತು. ತಿಂಗಳು ನಿಕ್ಕಿ ಮಾಡುವಾಗ ನಿಜವಾದ ಕಷ್ಟ ಗೊತ್ತಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮೋಜಿಗೆ ಹೇಳಿದ ಜಾಗವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ ಬಂದರಿನ ಯಾಂತ್ರಿಕ ದೋಣಿಗಳೇ ದಡ ಕಾಯುತ್ತವೆ, ಕ್ರೂಸ್ ಹಡಗುಗಳೂ ಈ ಕರಾವಳಿ ಬಿಟ್ಟಿರುತ್ತವೆ. ನವೆಂಬರ್ ಕಳೆಯುತ್ತಿದ್ದಂತೆ ಶಿರಸಿ ಕಡೆ ಅತ್ತೆ-ಮಾವನ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾವತ್ತು ಬರುತ್ತೇನೆ ಎನ್ನುತ್ತಾನೋ ಆವತ್ತು ಮನೆಯಲ್ಲಿ ಇರಲೇಬೇಕು. ಅವನಿಗಾಗಿ ಮದುವೆಯ ಮುಹೂರ್ತವನ್ನೇ ಹಿಂದೆ ಮುಂದೆ ಮಾಡಿದವರಿದ್ದಾರೆ, ಹಡಗು ಯಾವ ಲೆಕ್ಕ. ಕೊಯ್ಲಾದ ಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದು ಮುಗಿಯುವಷ್ಟರಲ್ಲಿ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ಮಾರಿಕಾಂಬೆಯ ಜಾತ್ರೆ, ಮನೆ ತುಂಬ ನೆಂಟರು. ಏಪ್ರಿಲ್, ಮೇ ರಜೆಯಲ್ಲಿ ಖೋಪೋಲಿಯ ಬಿಸಿಲಿಗೆ ಅತ್ತೆಯನ್ನು ಕರೆದುಕೊಂಡು ಹೋಗುವ ಧೈರ್ಯ ನನಗಿಲ್ಲ. ಎಲ್ಲ ಹೊಡೆದು ಹಾಕಿದ ಮೇಲೆ ಉಳಿದದ್ದು ದಸರಾ ರಜೆಯ ಕೊನೆಯ ವಾರ. ಅಡಿಕೆಗೆ ಕೊಳೆಮದ್ದು ಹೊಡೆದು ಮುಗಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ. ಮಲೆನಾಡಿನ ತೋಟದ ಮನೆಯವರಿಗೆ ವರ್ಷದಲ್ಲಿ ತೆರೆಯುವ ಕಿಟಕಿ ಅದೊಂದೇ, ಅದೂ ಅರ್ಧ ಬಾಗಿಲು.

ಆ ಕಿಟಕಿಯಲ್ಲೂ ಗಾಳಿ ಬೀಸದೇ ಇರುವುದಿಲ್ಲ. ನಮ್ಮ ಕಡೆಯ ಸಮುದ್ರದಲ್ಲಿ ಚಂಡಮಾರುತ ಏಳುವುದು ಮಳೆಗಾಲದ ಎರಡು ತುದಿಗಳಲ್ಲಿ. 2021ರ ಮೇ ತಿಂಗಳ ತೌಕ್ತೆ, 2019ರ ಅಕ್ಟೋಬರ್ ಕೊನೆಯ ಕ್ಯಾರ್ ಎರಡೂ ಕಾರವಾರದವರಿಗೆ ನೆನಪಿವೆ. ಹಾಗಾಗಿ ಹಡಗಿನ ಕಂಪನಿಗಳ ಒಪ್ಪಂದದಲ್ಲಿ ಸಣ್ಣ ಅಕ್ಷರದಲ್ಲಿರುವ ಒಂದು ಸಾಲನ್ನು ನಾನು ಗಂಡನಿಗೆ ದೊಡ್ಡದಾಗಿ ಓದಿ ಹೇಳಿದೆ: ಹವಾಮಾನ ನೋಡಿಕೊಂಡು ದಾರಿಯನ್ನೂ, ನಿಲ್ಲುವ ಬಂದರನ್ನೂ ಬದಲಿಸುವ ಹಕ್ಕು ಅವರದು. ಲಕ್ಷದ್ವೀಪದ ಯಾತ್ರೆಯಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಅಲೆ ಜೋರಿದ್ದರೆ ದ್ವೀಪವನ್ನು ಹಡಗಿನಿಂದಲೇ ನೋಡಿ ಬರುವುದು. ಅತ್ತೆಯ ಮೊಣಕಾಲು ನೋಡಿಕೊಂಡು, ತೂಗುವ ದೋಣಿಗೆ ಹೆಜ್ಜೆ ಇಡುವ ಆ ದಾರಿಯನ್ನು ಬಿಟ್ಟು, ಎರಡು ರಾತ್ರಿಯ ಮುಂಬೈ-ಗೋವಾ-ಮುಂಬೈ ಸಾಕು ಎಂದುಕೊಂಡೆವು.

ರೈಲಿನ ಕಡೆಯೂ ಇಂಥದ್ದೇ ಲೆಕ್ಕ. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ. ಗುಡ್ಡ ಕುಸಿಯುವ ಭಯಕ್ಕೆ ವೇಗ ಇಳಿಸಿರುತ್ತಾರೆ, ಅದು ಅಕ್ಟೋಬರ್‌ವರೆಗೂ ಎಳೆಯುತ್ತದೆ. ರಿಸರ್ವೇಶನ್ ತೆರೆಯುವುದು ಅರವತ್ತು ದಿನ ಮೊದಲು. ಹಡಗಿನದ್ದಾದರೋ ತಿಂಗಳುಗಟ್ಟಲೆ ಮೊದಲೇ. ಹಡಗಿಗೆ ದುಡ್ಡು ಕಟ್ಟಿ, ರೈಲು ಸಿಗುತ್ತದೆಂಬ ನಂಬಿಕೆಯ ಮೇಲೆ ಕಾಯಬೇಕು. ರೈಲು ತಡವಾದರೆ ಮುಂದಿನದಕ್ಕೆ ಹೋಗಬಹುದು. ಹಡಗು ತಪ್ಪಿದರೆ ತಪ್ಪಿತು, ಅದು ಕುಮಟಾ ಬಸ್ಸಲ್ಲ. ಹತ್ತುವ ದಿನವೇ ಮುಂಬೈ ತಲುಪುವ ಸಾಹಸ ಬೇಡ ಎನ್ನುವುದು ಇದಕ್ಕೇ.

ಅದರಿಂದಲೇ ಯಾವುದು ಮೊದಲು ಎನ್ನುವ ಪ್ರಶ್ನೆಯೂ ಬಗೆಹರಿಯಿತು. ಸಂಜೆ ಕಾರವಾರದಲ್ಲಿ ಮತ್ಸ್ಯಗಂಧಾ ರೈಲು ಹತ್ತಿದರೆ ಬೆಳಗಿನ ಜಾವ ಪನ್ವೇಲ್. ಮುಂಬೈ ಒಳಗೆ ಹೋಗುವುದೇ ಬೇಡ, ಖೋಪೋಲಿ ಅಲ್ಲಿಂದಲೇ ಹತ್ತಿರ. ಪಾರ್ಕ್ ಮೊದಲು, ಹಡಗು ಆಮೇಲೆ. ಪಾರ್ಕ್ ಎಂದರೆ ದಿನವಿಡೀ ನಿಲ್ಲುವುದು, ನಡೆಯುವುದು, ಸರದಿ ಕಾಯುವುದು. ಹಡಗು ಎಂದರೆ ಉಣ್ಣುವುದು, ಮಲಗುವುದು. ಉಂಡು ಮಲಗಿ ಎದ್ದ ಮೈಯನ್ನು ಸರದಿಯಲ್ಲಿ ನಿಲ್ಲಿಸುವುದಕ್ಕಿಂತ, ನಿಂತು ದಣಿದ ಮೈಯನ್ನು ಮಲಗಿಸುವುದು ಸುಲಭ.

ಇವೆರಡರ ನಡುವೆ ನಾನು ಒಂದು ಖಾಲಿ ದಿನ ಇಟ್ಟೆ. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಜಗಳವಾದದ್ದು ಆ ದಿನಕ್ಕೇ. ಗಂಡ ಅಲ್ಲಿಗೆ ಲೋಣಾವಳಾ ತುರುಕಿದರು. ಮಗಳು ವಾಟರ್ ಪಾರ್ಕ್ ತುರುಕಿದಳು. ನಾದಿನಿ ಫೋನಿನಲ್ಲಿಯೇ ಸಿದ್ಧಿವಿನಾಯಕ, ಮಹಾಲಕ್ಷ್ಮಿ ಎರಡನ್ನೂ ಸೇರಿಸಿದಳು. ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಸುಮ್ಮನೆ ಕೂರುವುದು ನಮ್ಮವರಿಗೆ ಪಾಪದ ಹಾಗೆ. ನಾನು ಒಂದನ್ನೂ ಒಪ್ಪಿಲ್ಲ. ರೈಲು ತಡವಾದರೆ ಆ ದಿನ ಅದನ್ನು ನುಂಗುತ್ತದೆ. ಮಗನಿಗೆ ಜ್ವರ ಬಂದರೆ ಆ ದಿನ ಅದಕ್ಕೆ. ಏನೂ ಆಗದಿದ್ದರೆ ಎಲ್ಲರೂ ಒಂಬತ್ತಕ್ಕೆ ಏಳುತ್ತಾರೆ, ಅದರಿಂದ ಯಾರಿಗೆ ಏನು ನಷ್ಟ?

ಮಗನಿಗೆ ಆರು ವರ್ಷ. ಅವನ ಸಂಕಟ ವಯಸ್ಸಿನದ್ದಲ್ಲ, ಎತ್ತರದ್ದು. ಇಂಥ ಪಾರ್ಕುಗಳಲ್ಲಿ ಪ್ರತಿ ಆಟದ ಬಾಗಿಲಲ್ಲೂ ಅಳತೆಯ ಕಂಬವಿರುತ್ತದೆ. ಯಾಕೆ ವಯಸ್ಸು ಕೇಳುವುದಿಲ್ಲ ಎಂದು ಅವನು ಕೇಳಿದ. ಕುರ್ಚಿಯ ಮೇಲಿಂದ ಇಳಿಯುವ ಕಬ್ಬಿಣದ ತೋಳಿಗೆ ಹುಟ್ಟಿದ ತಾರೀಕು ಗೊತ್ತಾಗುವುದಿಲ್ಲ. ಅದು ಮೈಯನ್ನು ಹಿಡಿಯಬೇಕಾದಲ್ಲಿ ಹಿಡಿಯಬೇಕು, ಸಣ್ಣ ಮೈ ಅದರ ಸಂದಿಯಲ್ಲಿ ಜಾರುತ್ತದೆ. ಇಮ್ಯಾಜಿಕಾದ ನೈಟ್ರೋ ಎಂಬ ಕೋಸ್ಟರಿನಲ್ಲಿ ಕಾಲ ಕೆಳಗೆ ನೆಲವೇ ಇಲ್ಲ. ಸರಪಳಿ ಮೇಲಕ್ಕೆ ಎಳೆದು ಬಿಟ್ಟ ಮೇಲೆ ಉಳಿದ ದಾರಿಯೆಲ್ಲ ಬೀಳುವ ಬಲದಲ್ಲಿಯೇ ಓಡುವುದು. ಅದು ಅವನಿಗೆ ಈ ವರ್ಷ ಇಲ್ಲ ಎನ್ನುವುದನ್ನು ಬಾಗಿಲಲ್ಲಿ ಅತ್ತು ತಿಳಿಯುವುದಕ್ಕಿಂತ ಮನೆಯಲ್ಲಿ ಅತ್ತು ತಿಳಿಯಲಿ ಎಂದು ಗೋಡೆಗೆ ನಿಲ್ಲಿಸಿ ಅಳೆದು ಹೇಳಿದ್ದೇನೆ. ಅತ್ತ. ಈಗ ದಿನಾ ಹಾಲು ಕುಡಿಯುತ್ತಿದ್ದಾನೆ, ಅಷ್ಟು ಲಾಭ.

ಮಾವನವರಿಗೆ ರಕ್ತದೊತ್ತಡ, ಅತ್ತೆಗೆ ಮೊಣಕಾಲು. ಹೃದಯ, ಕುತ್ತಿಗೆ, ಬೆನ್ನಿನ ತೊಂದರೆಯಿದ್ದವರು ಹತ್ತಬಾರದು ಎಂಬ ಫಲಕ ಅಲ್ಲಿ ಅರ್ಧ ಆಟಗಳ ಮುಂದಿದೆ. ಹೀಗಿದ್ದೂ ಆರು ಜನರಿಗೂ ಪಾರ್ಕಿನ ಟಿಕೆಟ್ ತೆಗೆಯಬೇಕೆಂಬುದು ಗಂಡನ ಹಟ. “ಆಯಿ-ಅಪ್ಪನ್ನ ರೂಮಲ್ಲಿ ಬಿಟ್ಟು ಹೋಗೂದು ಚಲೋ ಕಾಣ್ತದಾ?” ಚಲೋ ಕಾಣುವುದಕ್ಕೋಸ್ಕರ ಎಪ್ಪತ್ತು ದಾಟಿದವರನ್ನು ಅಕ್ಟೋಬರ್ ಬಿಸಿಲಿನಲ್ಲಿ, ಎಲ್ಲರ ಚಪ್ಪಲಿ, ಬ್ಯಾಗು, ಮೊಬೈಲು ಕಾಯಲು ಕೂರಿಸುವುದನ್ನು ನಾನು ಬೇಕಾದಷ್ಟು ಪ್ರವಾಸಗಳಲ್ಲಿ ನೋಡಿದ್ದೇನೆ. ಕುಟುಂಬದ ಪ್ರವಾಸ ಕೆಡುವುದು ದುಡ್ಡು ಸಾಲದೆ ಅಲ್ಲ, ಎಲ್ಲರೂ ಎಲ್ಲದಕ್ಕೂ ಬರಬೇಕು ಎಂಬ ಈ ಒತ್ತಾಯದಿಂದ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪಾರ್ಕ್ ಮಕ್ಕಳದ್ದು. ಅವರ ಜೊತೆ ನಾವಿಬ್ಬರು. ಹಿರಿಯರು ಆವತ್ತು ಹೋಟೆಲಿನಲ್ಲಿ ನಿದ್ದೆ ಮಾಡಲಿ, ಮನಸ್ಸಾದರೆ ಖೋಪೋಲಿ ಪೇಟೆ ಸುತ್ತಲಿ. ಹಡಗಿನಲ್ಲಿ ಹಾಗೆಯೇ ಉಲ್ಟಾ. ಅಲ್ಲಿ ಡಿಜೆ ಸದ್ದಿನ ಕಡೆ ಅವರು ಬರಬೇಕಿಲ್ಲ, ಬೆಳಗಿನ ಜಾವ ಡೆಕ್ಕಿನ ಮೇಲೆ ಸೂರ್ಯ ನೋಡಲು ಮಕ್ಕಳನ್ನು ಎಬ್ಬಿಸಬೇಕಿಲ್ಲ. ಮಾವನವರಿಗೆ ಇದನ್ನು ಹೇಳಿದಾಗ ಮೊದಲ ಬಾರಿಗೆ ಈ ಪ್ರವಾಸದ ಬಗ್ಗೆ ಅವರ ಮುಖ ಸಡಿಲವಾಯಿತು.

ಸಡಿಲವಾದ ಮೇಲೆ ಪ್ರಶ್ನೆಗಳು ಶುರುವಾದವು. “ಅಷ್ಟು ಜನಕ್ಕೆ ಮೀಯಲೆ ನೀರು ಎಲ್ಲಿಂದ ಬತ್ತು?” ತೋಟಕ್ಕೆ ನೀರು ಬಿಟ್ಟೇ ಆಯುಷ್ಯ ಕಳೆದವರು ಕೇಳಬೇಕಾದ ಪ್ರಶ್ನೆ. ಓದಿ ಹೇಳಿದೆ. ಹಡಗುಗಳು ಸಮುದ್ರದ ನೀರನ್ನೇ ಸಿಹಿ ಮಾಡಿಕೊಳ್ಳುತ್ತವೆ. ಒಂದು ದಾರಿ, ಎಂಜಿನ್ನಿನ ಬಿಸಿಯಲ್ಲಿ ನೀರನ್ನು ಆವಿ ಮಾಡಿ ಮತ್ತೆ ತಣಿಸುವುದು. ಇನ್ನೊಂದು, ಒತ್ತಡ ಹಾಕಿ ಪೊರೆಯ ಮೂಲಕ ಸೋಸುವುದು, ನಮ್ಮ ಅಡುಗೆಮನೆಯ ಆರ್‌ಒ ಯಂತ್ರದ ದೊಡ್ಡಣ್ಣ. ಮುಸುರೆಯ ಪ್ರಶ್ನೆಯೂ ಬಂತು. ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಲ್ಲಿಯೂ ಎಸೆಯುವಂತಿಲ್ಲ, ಉಳಿದ ಅನ್ನವನ್ನು ಕೂಡ ದಡದಿಂದ ಇಷ್ಟು ದೂರ ಎಂಬ ಲೆಕ್ಕವಿದೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಟ್ಯಾಗೋರ್ ಬೀಚಿನ ಮಳೆಗಾಲದ ದಂಡೆ ನೋಡಿದವರು ಯಾರೂ ಸುಲಭಕ್ಕೆ ನಂಬುವುದಿಲ್ಲ.

ಅತ್ತೆಯ ಭಯ ಬೇರೆ. 2019ರ ಜನವರಿಯಲ್ಲಿ ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಹೋದರು. ಆಮೇಲಿಂದ ಅವರು ನಮ್ಮ ಮನೆಗೆ ಬಂದರೆ ದಂಡೆಯ ಮೇಲೆ ಕೂರುತ್ತಾರೆ, ನೀರಿಗೆ ಕಾಲು ಇಡುವುದಿಲ್ಲ. ಅವರಿಗೆ ಹಡಗು ದೊಡ್ಡದು ಎಂಬ ಸಮಾಧಾನ ಹೇಳಲು ನಾನು ಹೋಗಿಲ್ಲ. ದೊಡ್ಡ ಹಡಗುಗಳೂ ಮುಳುಗಿವೆ. ನಾನು ಹೇಳಿದ್ದು ಕವಾಯತಿನ ಬಗ್ಗೆ. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಕಡಲಿನಲ್ಲಿ ಜೀವ ಉಳಿಸುವ ಅಂತರರಾಷ್ಟ್ರೀಯ ಒಪ್ಪಂದ ಮೊದಲು ಆದದ್ದು. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಆವತ್ತೇ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಕವಾಯತು ಆಗಿರಲಿಲ್ಲ. ಅದಾದ ಮೇಲೆ ನಿಯಮ ಬಿಗಿಯಾಯಿತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಪ್ರತಿಯೊಬ್ಬರಿಗೂ ಯಾವ ಜಾಗದಲ್ಲಿ ಸೇರಬೇಕು, ಜಾಕೆಟ್ ಹೇಗೆ ಕಟ್ಟಬೇಕು ಎಂದು ತೋರಿಸಲೇಬೇಕು. ಅತ್ತೆ ಎಲ್ಲ ಕೇಳಿ, “ಹಂಗಾರೆ ಎಂಗೆ ಎರಡು ಸಲ ತೋರಿಸ್ಲಿ” ಅಂದರು. ಬರುವುದಕ್ಕೆ ಒಪ್ಪಿದ ಹಾಗೆಯೇ ಅದು.

ತಲೆ ಸುತ್ತುವ ವಿಷಯಕ್ಕೆ ನಮ್ಮಲ್ಲಿ ಪರೀಕ್ಷೆಯ ಜಾಗವಿದೆ, ದೇವಿಮನೆ ಘಟ್ಟ. ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಮಗಳು ಕಿಟಕಿ ಬಿಟ್ಟು ಕೂತದ್ದಿಲ್ಲ. ಹಾಗಾಗಿ ಕೋಣೆ ಆರಿಸುವಾಗ ಹಡಗಿನ ನಡುಭಾಗ, ಕೆಳಗಿನ ಅಂತಸ್ತು ನೋಡುತ್ತಿದ್ದೇವೆ. ತೂಗಾಟ ಮುಂಭಾಗದಲ್ಲೂ ಮೇಲಂತಸ್ತಿನಲ್ಲೂ ಹೆಚ್ಚು, ನಡುವಿನಲ್ಲಿ ಕಡಿಮೆ. ಬಾಲ್ಕನಿಯ ಕೋಣೆ ಮೇಲಿರುತ್ತದೆ, ದುಬಾರಿ ಕೂಡ. ಕಿಟಕಿಯಿಲ್ಲದ ಒಳಗಿನ ಕೋಣೆ ಅಗ್ಗ, ಆದರೆ ಬೆಳಗು ರಾತ್ರಿ ತಿಳಿಯುವುದಿಲ್ಲ. ಎರಡು ಕೋಣೆ ಬೇಕು. ಅತ್ತೆ-ಮಾವನ ಜೊತೆ ಮಗಳು, ಅವರಿಗೆ ಕಿಟಕಿ. ನಮಗೆ ಒಳಗಿನದು ಸಾಕು, ಮಗ ಮೇಲಿಂದ ಮಡಚಿ ಇಳಿಯುವ ಮಂಚಕ್ಕೆ ಈಗಲೇ ಹಕ್ಕು ಹೂಡಿದ್ದಾನೆ. ಜಾಹೀರಾತಿನಲ್ಲಿ ಕಾಣುವ ದರ ಇಬ್ಬರು ಒಂದು ಕೋಣೆ ಹಂಚಿಕೊಂಡರೆ ತಲೆಗೆ ಇಷ್ಟು ಎಂಬುದು. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು ಎಲ್ಲ ಸೇರಿದ ಮೇಲೆ ಉಳಿಯುವ ಅಂಕಿ ಬೇರೆ. ಮೂರನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಕೊನೆಯ ಪುಟದ ಮೊತ್ತ ನೋಡದೆ ಯಾರ ಮುಂದೆಯೂ ಬಾಯಿ ಬಿಡಬೇಡಿ. ದಡ ಮರೆಯಾದ ಮೇಲೆ ಮೊಬೈಲು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಅಂಟಿಕೊಂಡರೆ ಬಿಲ್ಲು ಬೆಚ್ಚಿಬೀಳಿಸುವಂತೆ ಬರುತ್ತದೆ. ಹತ್ತುತ್ತಲೇ ಎಲ್ಲರ ಫೋನೂ ಏರ್‌ಪ್ಲೇನ್ ಮೋಡ್.

ಉಳಿದದ್ದು ಊಟ, ನಮ್ಮಲ್ಲಿ ಯಾವುದೂ ಊಟ ಬಿಟ್ಟು ಮುಗಿಯುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ಜೈನ ಅಡುಗೆ ಹಡಗಿನಲ್ಲಿ ಸಿಗುತ್ತದೆ, ಆ ಭಯವಿಲ್ಲ. ಆದರೆ ಹಡಗಿಗೂ ಮನೆಯ ಬುತ್ತಿ ಒಯ್ಯುವಂತಿಲ್ಲ, ಪಾರ್ಕಿಗೂ ಒಯ್ಯುವಂತಿಲ್ಲ. ಚಿತ್ರಾನ್ನ ಮೊಸರನ್ನದ ಗಂಟಿಲ್ಲದೆ ಮನೆಯಿಂದ ಹೊರಟ ನೆನಪೇ ಅತ್ತೆಗಿಲ್ಲ. ರೈಲಿನಲ್ಲಿ ತಡೆಯುವವರಿಲ್ಲ, ಹಾಗಾಗಿ ಇಡೀ ಪ್ರವಾಸದ ಆಸೆಯನ್ನು ಅವರು ಕಾರವಾರ-ಪನ್ವೇಲ್ ನಡುವಿನ ಒಂದು ರಾತ್ರಿಗೆ ತುಂಬಿಸಲು ಹೊರಟಿದ್ದಾರೆ. ಅಪ್ಪೆಹುಳಿ ಬೇಡ, ಚೆಲ್ಲುತ್ತದೆ ಎಂದು ಒಪ್ಪಿಸಿದ್ದಾಗಿದೆ. ಹಲಸಿನ ಹಪ್ಪಳ ಬರುತ್ತದೆ.

ತೊಡೆದೇವು ಎಂಬ ತೆಳ್ಳನೆಯ ಸಿಹಿತಿಂಡಿಯ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಎಷ್ಟಿದ್ದರೂ ರೈಲಿನಲ್ಲಿಯೇ ಮುಗಿಸಬೇಕು, ಬಂದರಿನ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ ಎಂದು ನಾನು. ಅತ್ತೆಗೆ ಇದು ಸಮಸ್ಯೆಯೆಂದೇ ಅನ್ನಿಸಿಲ್ಲ. “ಅವ್ಕೂ ಒಂದು ಕಟ್ಟು ಕೊಟ್ರಾತು,” ಅಂದಿದ್ದಾರೆ.